ಪಪ್ಪಾನ ಬಂದೂಕು ಯಾರಿಗೆ ಹೊಡೆಯಲಿಕ್ಕೆ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಬಂದ ಪತ್ರಗಳಲ್ಲಿ ಈ ಸಲ ಏಳು ಪತ್ರಗಳು ಒಂದೇ ವಿಷಯ ಎತ್ತಿದ್ದವು. ಮನೆಯಲ್ಲೋ ಬ್ಯಾಂಕಿನ ಬಾಗಿಲಲ್ಲೋ ದೊಡ್ಡವರ ಕೈಯಲ್ಲಿ ಬಂದೂಕು ಕಂಡ ಮಕ್ಕಳು ‘ಯಾಕ?’ ಅನ್ನುತ್ತಾರೆ. ಏನು ಹೇಳಬೇಕು? ಮಕ್ಕಳ ಮನಸ್ಸು ಬಲ್ಲವರೂ ಬಂದೂಕು ಬಲ್ಲವರೂ ಒಟ್ಟಿಗೆ ಕೂತು ಉತ್ತರ ಬರೆದಿದ್ದಾರೆ. ಪತ್ರ ಬರೆದವರ ಹೆಸರು ಬಿಟ್ಟು ಊರಷ್ಟೇ ಹಾಕಿದ್ದೇವೆ.

ನನ್ನ ಗಂಡ ಮಿಲಿಟರಿಯಿಂದ ರಿಟೈರ್ ಆಗಿ ಈಗ ಬ್ಯಾಂಕಿನಲ್ಲಿ ಗನ್‌ಮ್ಯಾನ್ ಆಗಿದ್ದಾರೆ. ಐದು ವರ್ಷದ ಮಗಳು ದಿನಾ ಬೆಳಿಗ್ಗೆ ‘ಪಪ್ಪಾ ಇವತ್ತ ಯಾರಿಗೆ ಹೊಡಿತಾನ?’ ಎಂದು ಕೇಳುತ್ತಾಳೆ. ಒಂದು ದಿನ ಬೇಸತ್ತು ‘ಕಳ್ಳರಿಗೆ’ ಅಂದೆ. ಅಂದಿನಿಂದ ರಾತ್ರಿ ಎದ್ದು ಬಾಗಿಲ ಚಿಲಕ ನೋಡಿ ಬರುತ್ತಾಳೆ. ತಪ್ಪು ಮಾಡಿದೆನೇ?
(ನವನಗರ, ಬಾಗಲಕೋಟೆ)

ತಪ್ಪಲ್ಲ ಅಕ್ಕಾರ, ಆದರೆ ನೀವು ಹೇಳಿದ್ದು ಒಂದು, ಅವಳಿಗೆ ಕೇಳಿಸಿದ್ದು ಇನ್ನೊಂದು. ‘ಕಳ್ಳರಿಗೆ’ ಎಂಬ ಒಂದೇ ಮಾತಿನಲ್ಲಿ ಅವಳು ಎರಡು ಸುದ್ದಿ ಹಿಡಿದಿದ್ದಾಳೆ: ಪಪ್ಪಾ ಹೋಗುವ ಜಾಗಕ್ಕೆ ದಿನಾ ಕಳ್ಳರು ಬರುತ್ತಾರೆ, ಮತ್ತು ನಮ್ಮ ಪಪ್ಪಾ ಜನರಿಗೆ ಹೊಡೆಯುತ್ತಾನೆ. ಹಗಲು ಬ್ಯಾಂಕಿಗೆ ಬರುವ ಕಳ್ಳ, ರಾತ್ರಿ ಪಪ್ಪಾ ಮಲಗಿದಾಗ ಮನೆಗೂ ಬರಬಹುದಲ್ಲ? ಚಿಲಕ ನೋಡುವುದು ಅದಕ್ಕೇ. ಅವಳ ಲೆಕ್ಕ ಸರಿಯಾಗಿಯೇ ಇದೆ.

ಬಂದೂಕನ್ನು ಬಿಟ್ಟು ಕೆಲಸದಿಂದ ಮಾತು ಶುರು ಮಾಡಿ. ಪಪ್ಪಾ ಡ್ಯೂಟಿಗೆ ಹೊರಟಾಗ ಏನೇನು ಒಯ್ಯುತ್ತಾನೆ ಎಂದು ಅವಳಿಂದಲೇ ಎಣಿಸಿರಿ. ಊಟದ ಡಬ್ಬಿ, ನೀರಿನ ಬಾಟಲಿ, ಸೀಟಿ, ಟಾರ್ಚು, ಕನ್ನಡಕ, ಬಂದೂಕು. ಆರರಲ್ಲಿ ಅದೊಂದು. ಆಮೇಲೆ ಆತ ದಿನವಿಡೀ ಮಾಡುವುದೇನು ಎಂದು ಹೇಳಿ: ಬಾಗಿಲಲ್ಲಿ ನಿಂತು ಬರುವವರನ್ನು ನೋಡುವುದು, ಹೆಲ್ಮೆಟ್ ತೆಗೆಸುವುದು, ರೊಕ್ಕದ ಗಾಡಿ ಬಂದಾಗ ಜನರನ್ನು ಪಕ್ಕಕ್ಕೆ ಸರಿಸುವುದು, ವಯಸ್ಸಾದವರಿಗೆ ಚಲನ್ ಎಲ್ಲಿದೆ ಎಂದು ತೋರಿಸುವುದು. ಕೊನೆಗೆ ಬಂದೂಕಿನ ಮಾತು. ನಿಮ್ಮ ಮನೆಯ ಮಾತಿನಲ್ಲೇ ಹೀಗೆ ಹೇಳಬಹುದು:

‘ಬ್ಯಾಂಕಿನಾಗ ಊರ ಮಂದಿ ರೊಕ್ಕಾ, ಬಂಗಾರ ಇಟ್ಟಿರ್ತಾರ. ಅದನ್ನ ಕಾಯೂದು ಪಪ್ಪಾನ ಕೆಲಸ. ಅಂವಾ ಅಲ್ಲಿ ನಿಂತಾನ ಅಂತ ಗೊತ್ತಾದ್ರ ಯಾರೂ ಕಿತಾಪತಿ ಮಾಡೂದಿಲ್ಲ. ಬಂದೂಕ ಹೊಡಿಯೂ ಸಲುವಾಗಿ ಅಲ್ಲ, ಹೊಡಿಯೂ ಪ್ರಸಂಗನ ಬರಬಾರದು ಅಂತ ಇರ್ತೈತಿ.’

ಇಷ್ಟೇ. ಮರುದಿನ ಅದೇ ಪ್ರಶ್ನೆ ಕೇಳಿದರೆ ಅದೇ ಉತ್ತರವನ್ನು ಅದೇ ಮಾತುಗಳಲ್ಲಿ ಕೊಡಿ, ಪಪ್ಪಾನೂ ಅದನ್ನೇ ಹೇಳಲಿ. ಈ ವಯಸ್ಸಿನ ಮಕ್ಕಳು ಕೇಳಿದ್ದನ್ನೇ ಕೇಳುವುದು ಹೊಸ ವಿಷಯ ಬೇಕೆಂದಲ್ಲ, ನಿನ್ನೆಯ ಉತ್ತರ ಇವತ್ತೂ ಗಟ್ಟಿಯಾಗಿದೆಯೇ ಎಂದು ನೋಡಲಿಕ್ಕೆ. ನೀವು ದಿನಕ್ಕೊಂದು ಬಣ್ಣ ಹಚ್ಚಿ ಹೇಳಿದರೆ ಏನೋ ಮುಚ್ಚಿಡುತ್ತಿದ್ದಾರೆ ಅನಿಸುತ್ತದೆ.

ಮೂರು–ನಾಲ್ಕು ವರ್ಷದ ಮಗುವಿಗೆ ‘ಅದು ಪಪ್ಪಾನ ಕೆಲಸದ ಸಾಮಾನು, ಮಕ್ಕಳು ಮುಟ್ಟೂದಲ್ಲ’ ಎಂಬ ಒಂದೇ ವಾಕ್ಯ ಸಾಕು. ಐದರಿಂದ ಏಳರವರೆಗೆ ಕೆಲಸದ ವಿವರ ಬೇಕು. ಎಂಟು ದಾಟಿದವರಿಗೆ ಲೈಸೆನ್ಸು, ತರಬೇತಿ, ಕಾನೂನು ಎಲ್ಲ ತಲೆಗೆ ಹೋಗುತ್ತದೆ. 21 ವರ್ಷ ತುಂಬದವರಿಗೆ ಬಂದೂಕಿನ ಲೈಸೆನ್ಸ್ ಸಿಗುವುದಿಲ್ಲ ಎಂದು ಹೇಳಿದರೆ ಅವರಿಗೆ ಖುಷಿ ಕೂಡ, ಬೆರಳೆಣಿಸಿ ತಮಗೆ ಇನ್ನೆಷ್ಟು ವರ್ಷ ಎಂದು ಲೆಕ್ಕ ಹಾಕುತ್ತಾರೆ. ಸಾವಿನ ಮಾತು ಬಂದರೆ ಒಂದು ನೆನಪಿಡಿ: ಸತ್ತವರು ಮರಳಿ ಬರುವುದಿಲ್ಲ ಎಂಬುದು ಐದರೊಳಗಿನ ಹೆಚ್ಚಿನ ಮಕ್ಕಳಿಗೆ ಪೂರ್ತಿ ತಿಳಿದಿರುವುದಿಲ್ಲ. ಮೊಬೈಲಿನ ಗೊಂಬೆ ಬಿದ್ದು ಏಳುತ್ತದಲ್ಲ, ಹಾಗೇ ಅಂದುಕೊಂಡಿರುತ್ತಾರೆ. ‘ಗುಂಡು ತಾಗಿದರ ಭಾಳ ದೊಡ್ಡ ಗಾಯ ಆಗತೈತಿ, ಕೆಲವೊಮ್ಮೆ ಡಾಕ್ಟರಿಗೂ ವಾಸಿ ಮಾಡಾಕ ಆಗೂದಿಲ್ಲ’ ಎನ್ನುವುದು ನಿಜವೂ ಹೌದು, ಆ ವಯಸ್ಸಿಗೆ ಸಾಕೂ ಸಾಕು.

ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ: ‘ಪಪ್ಪಾ ಮಿಲಿಟರಿಯೊಳಗ ಇದ್ದಾಗ ಯಾರಿಗಾದ್ರೂ ಹೊಡದಾನೇನು?’ ಇದಕ್ಕೆ ತಾಯಿ ಉತ್ತರ ಕೊಡಬಾರದು, ಅದು ತಂದೆಯ ಮಾತು. ಇಲ್ಲ ಎಂದಾದರೆ ಇಲ್ಲ ಎನ್ನಲಿ. ಹೌದು ಎಂದಾದರೆ ‘ಅದು ದೊಡ್ಡವರ ಮಾತು, ನೀ ದೊಡ್ಡಾಕಿ ಆದ ಮ್ಯಾಲೆ ಹೇಳ್ತೀನಿ’ ಎನ್ನಲಿ. ಸುಳ್ಳು ಹೇಳಿದರೆ ಹತ್ತು ವರ್ಷದ ಮೇಲೆ ಯಾವುದೋ ಮದುವೆಯಲ್ಲಿ ಕಾಕಾ ಬಾಯಿ ಬಿಡುತ್ತಾನೆ.

ರಾತ್ರಿ ಏಳುವುದು ಒಂದು ತಿಂಗಳಾದರೂ ನಿಲ್ಲದಿದ್ದರೆ, ಊಟ ಶಾಲೆ ಕೆಟ್ಟರೆ, ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದೊಯ್ಯಿರಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಮೊದಲು ಫೋನ್ ಮಾಡಿಯೂ ಕೇಳಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

2025ರ ಸೆಪ್ಟೆಂಬರ್‌ನಲ್ಲಿ ಚಡಚಣದ ಬ್ಯಾಂಕ್ ದರೋಡೆಯ ಸುದ್ದಿಯನ್ನು ಟಿವಿಯಲ್ಲಿ ನಮ್ಮ ಏಳು ವರ್ಷದ ಮೊಮ್ಮಗ ನೋಡಿದ. ದರೋಡೆಕೋರರು ಮಿಲಿಟರಿ ಥರದ ಬಟ್ಟೆ ತೊಟ್ಟಿದ್ದರು ಎಂದು ಕೇಳಿದ ಮೇಲೆ ಬ್ಯಾಂಕಿನ ಗಾರ್ಡ್, ಪೊಲೀಸರು, ಕೊನೆಗೆ ಸೈನಿಕ ಶಾಲೆಯ ಹುಡುಗರನ್ನು ಕಂಡರೂ ನನ್ನ ಧೋತರ ಹಿಡಿದು ಹಿಂದೆ ಅಡಗುತ್ತಾನೆ. ಹೇಗೆ ಸಮಾಧಾನ ಮಾಡಲಿ?
(ವಿಜಯಪುರ)

ಮುತ್ಯಾ, ಮೊದಲು ಟಿವಿಯ ಮಾತು. ಸುದ್ದಿ ಚಾನೆಲ್ಲು ಒಂದೇ ದೃಶ್ಯವನ್ನು ಬೆಳಗಿನಿಂದ ರಾತ್ರಿಯವರೆಗೆ ಹತ್ತಾರು ಸಲ ತೋರಿಸುತ್ತದೆ. ದೊಡ್ಡವರಿಗೆ ಅದು ಹಳೇ ದೃಶ್ಯ. ಚಿಕ್ಕವರಿಗೆ ಪ್ರತಿ ಸಲವೂ ಹೊಸ ದರೋಡೆ. ನಿಮ್ಮ ಮೊಮ್ಮಗನ ಲೆಕ್ಕದಲ್ಲಿ ಆ ವಾರ ಜಿಲ್ಲೆಯಲ್ಲಿ ಐವತ್ತು ಬ್ಯಾಂಕು ಲೂಟಿಯಾಗಿರಬಹುದು. ‘ಅದು ಒಂದ ಸಲ, ಒಂದ ಊರಾಗ ಆಗಿದ್ದು, ಮುಗದ ಹೋತು’ ಎಂದು ಬಿಡಿಸಿ ಹೇಳಿ. ಕ್ಯಾಲೆಂಡರ್ ತೆಗೆದು ಆ ತಿಂಗಳನ್ನು ಬೆರಳಿಟ್ಟು ತೋರಿಸಿ, ಅಲ್ಲಿಂದ ಇವತ್ತಿನವರೆಗೆ ಎಷ್ಟು ಹಾಳೆ ತಿರುವಿದವು ನೋಡಲಿ.

ಇನ್ನು ಬಟ್ಟೆಯ ಪ್ರಶ್ನೆ. ಇದು ನಿಜಕ್ಕೂ ಜಾಣ ಹುಡುಗನ ಪ್ರಶ್ನೆ. ‘ಖಾಕಿ ಹಾಕಿದವರು ಒಳ್ಳೆಯವರು’ ಎಂದು ನಾವೇ ಮಕ್ಕಳಿಗೆ ಕಲಿಸುತ್ತೇವೆ, ಆ ಪಾಠವನ್ನು ಒಂದೇ ಸುದ್ದಿ ಒಡೆದುಹಾಕಿತು. ಮತ್ತೆ ಅದನ್ನೇ ಅಂಟಿಸಲು ಹೋಗಬೇಡಿ. ಯಾರು ಅಸಲಿ, ಯಾರು ನಕಲಿ ಎಂದು ತನಿಖೆ ಮಾಡುವುದು ಏಳು ವರ್ಷದವನ ಕೆಲಸವೂ ಅಲ್ಲ. ಬಟ್ಟೆ ನೋಡಬೇಡ, ನಡತೆ ನೋಡು ಅನ್ನಿ. ಬ್ಯಾಂಕಿನ ಗಾರ್ಡು ದಿನಾ ಅದೇ ಬಾಗಿಲಲ್ಲಿ ನಿಂತಿರುತ್ತಾನೆ, ಮುಖ ಮುಚ್ಚಿಕೊಂಡಿರುವುದಿಲ್ಲ, ಅವನ ಬಂದೂಕಿನ ಬಾಯಿ ಆಕಾಶಕ್ಕೋ ನೆಲಕ್ಕೋ ಇರುತ್ತದೆ, ಬರುವವರೆಲ್ಲ ಅವನನ್ನು ಮಾತಾಡಿಸುತ್ತಾರೆ. ಮುಖ ಮುಚ್ಚಿಕೊಂಡವನು, ಬಂದೂಕನ್ನು ಜನರತ್ತ ತಿರುಗಿಸಿದವನು, ‘ಮನ್ಯಾಗ ಹೇಳಬ್ಯಾಡ’ ಎಂದವನು ಯಾವ ಬಟ್ಟೆ ತೊಟ್ಟರೂ ಅವನಿಂದ ದೂರ ಸರಿದು ಗೊತ್ತಿರುವ ದೊಡ್ಡವರ ಹತ್ತಿರ ಹೋಗಬೇಕು. ಈ ಮೂರು ಗುರುತು ಅವನಿಗೆ ನೆನಪಿರುತ್ತವೆ.

ಮುಂದಿನ ಸಲ ಪಿಂಚಣಿ ತರಲು ಹೋದಾಗ ಜೊತೆಗೆ ಕರೆದೊಯ್ಯಿರಿ. ಹತ್ತು ಹೆಜ್ಜೆ ದೂರದಲ್ಲಿ ನಿಂತು ಇಬ್ಬರೂ ಸುಮ್ಮನೆ ಐದು ನಿಮಿಷ ಗಾರ್ಡನ್ನು ನೋಡಿ: ಎಷ್ಟು ಸಲ ಬಾಗಿಲು ತೆಗೆದ, ಯಾರಿಗೆ ನಮಸ್ಕಾರ ಮಾಡಿದ, ಬಂದೂಕಿನ ಬಾಯಿ ಯಾವ ಕಡೆ ಇದೆ. ಅವತ್ತಿಗೆ ಅಷ್ಟೇ. ಇನ್ನೊಂದು ದಿನ ಐದು ಹೆಜ್ಜೆ ಹತ್ತಿರ. ಅವನಾಗಿ ‘ನಮಸ್ಕಾರ ಕಾಕಾ’ ಅನ್ನುವವರೆಗೆ ಮುಂದೆ ನೂಕಬೇಡಿ, ಎತ್ತಿಕೊಂಡು ಹೋಗಿ ಗಾರ್ಡಿನ ಕೈಗೆ ಕೊಡುವ ತಮಾಷೆಯಂತೂ ಬೇಡವೇ ಬೇಡ.

ನಮ್ಮ ಕಡೆಯ ಒಂದು ಕೆಟ್ಟ ಚಾಳಿ ಇಲ್ಲಿ ಅಡ್ಡ ಬರುತ್ತದೆ. ಊಟ ಮಾಡದಿದ್ದರೆ ‘ಪೊಲೀಸಗ ಹಿಡಕೊಡ್ತೀನಿ ನೋಡು’ ಅನ್ನುತ್ತೇವೆ. ವರ್ಷಗಟ್ಟಲೆ ಅದನ್ನು ಕೇಳಿದ ಮಗು ಜಾತ್ರೆಯಲ್ಲಿ ಕಳೆದುಹೋದಾಗ ಪೊಲೀಸರನ್ನು ಕಂಡು ಇನ್ನೊಂದು ಗಲ್ಲಿಗೆ ಓಡುತ್ತದೆ. ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿ ಅದು ಎಷ್ಟು ತ್ರಾಸು ಎಂದು ಬಿಡಿಸಿ ಹೇಳಬೇಕಿಲ್ಲ. ಆ ಮಾತು ಮನೆಯಲ್ಲಿ ಇವತ್ತೇ ನಿಲ್ಲಲಿ. ಪೊಲೀಸರಿಗೆ 112, ಮಕ್ಕಳ ಸಹಾಯವಾಣಿಗೆ 1098. ಏಳು ವರ್ಷದವನಿಗೆ ಎರಡೂ ಬಾಯಿಪಾಠ ಆಗುತ್ತವೆ.

ವಿಜಯಪುರದವರಿಗೆ ಇನ್ನೊಂದು ಅನುಕೂಲ ಇದೆ, ಬೇರೆ ಊರಿನವರಿಗಿಲ್ಲ. ಶೆರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ಬಾಯಿಯ ಹತ್ತಿರ ಸಿಂಹದಂಥ ಪ್ರಾಣಿ ಹಲ್ಲುಗಳ ನಡುವೆ ಆನೆಯನ್ನು ಹಿಡಿದಿರುವುದನ್ನು ಮಕ್ಕಳು ಮರೆಯುವುದಿಲ್ಲ. ಇಷ್ಟು ದೊಡ್ಡ ತೋಪು ಯಾಕಿತ್ತು, ಯಾರನ್ನು ಕಾಯುತ್ತಿತ್ತು, ಈಗ ಯಾಕೆ ಸುಮ್ಮನಿದೆ ಎಂದು ಅಲ್ಲಿ ಮಾತಾಡುವುದು ಮನೆಯಲ್ಲಿ ಮಾತಾಡುವುದಕ್ಕಿಂತ ಸಲೀಸು. ಹೊಡೆದವನು ಸದ್ದಿಗೆ ಕಿವುಡಾಗಬಾರದೆಂದು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದನಂತೆ ಎಂಬ ಊರ ಕಥೆಯನ್ನೂ ಹೇಳಿ. ಕಥೆ ಹೇಗೇ ಇರಲಿ, ಬಂದೂಕಿನ ಸದ್ದು ಕಿವಿ ಕೆಡಿಸುವುದು ನಿಜ.

ನಮ್ಮದು ಖಾನಾಪುರ ತಾಲ್ಲೂಕು, ಕಾಡಿನ ಅಂಚು. ಹಂದಿ ಕಾಟಕ್ಕೆ ನಮ್ಮ ಮಾವನವರು ಬೆಳೆ ರಕ್ಷಣೆಯ ಲೈಸೆನ್ಸ್ ಇಟ್ಟಿದ್ದಾರೆ. ಒಂದು ಜೋಡುನಳಿಗೆ ಬಂದೂಕು, ಒಂದು ಹಳೆಯ ಮದ್ದು ತುಂಬುವ ಬಂದೂಕು, ಎರಡೂ ಪಡಸಾಲೆಯ ಗೂಟಕ್ಕೆ ತೂಗುತ್ತವೆ. ಬೇಸಿಗೆ ರಜೆಗೆ ನಾದಿನಿಯ ಮಕ್ಕಳು ಪುಣೆಯಿಂದ ಬರುತ್ತಾರೆ, ನಾಲ್ಕು ಮತ್ತು ಒಂಬತ್ತು ವರ್ಷ. ‘ಮುಟ್ಟಬ್ಯಾಡ್ರಿ ಅಂದ್ರ ಮುಗೀತು, ನಮ್ಮ ಮಕ್ಕಳೂ ಹಂಗ ಬೆಳದಾವ’ ಎನ್ನುತ್ತಾರೆ ಮಾವ. ಸಾಕೇ?
(ಖಾನಾಪುರ)

ಸಾಲದು. ಮಾವನವರಿಗೆ ಬೇಸರವಾದರೂ ಇದನ್ನು ನೇರವಾಗಿಯೇ ಹೇಳಬೇಕು.

ಅಮೆರಿಕದಲ್ಲಿ ನಡೆದ ಒಂದು ಪರೀಕ್ಷೆಯ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಎಂಟರಿಂದ ಹನ್ನೆರಡು ವರ್ಷದ 64 ಹುಡುಗರನ್ನು ಎರಡು ಮೂರು ಜನರ ಗುಂಪು ಮಾಡಿ ಕೋಣೆಯಲ್ಲಿ ಆಡಲು ಬಿಟ್ಟರು. ಡ್ರಾದಲ್ಲಿ ಸಿಡಿಯದಂತೆ ಮಾಡಿದ ನಿಜವಾದ ಪಿಸ್ತೂಲು ಇಟ್ಟಿದ್ದರು. 48 ಹುಡುಗರಿಗೆ ಅದು ಸಿಕ್ಕಿತು, 30 ಜನ ಕೈಗೆತ್ತಿಕೊಂಡರು, 16 ಜನ ಟ್ರಿಗರ್ ಎಳೆದರು. ಮುಟ್ಟಿದವರಲ್ಲಿ ಬಹುತೇಕ ಎಲ್ಲರಿಗೂ ಬಂದೂಕು ಮುಟ್ಟಬಾರದೆಂಬ ಪಾಠ ಮೊದಲೇ ಆಗಿತ್ತು. ಸಿಕ್ಕವರಲ್ಲಿ ಅರ್ಧದಷ್ಟು ಜನಕ್ಕೆ ಅದು ಆಟಿಕೆಯೋ ಅಸಲಿಯೋ ಎಂಬುದೇ ಗೊತ್ತಾಗಲಿಲ್ಲ. ಮಾತು ಮಗುವಿನ ಮನಸ್ಸಿಗೆ, ಕೀಲಿ ಮಗುವಿನ ಕೈಗೆ. ಕೀಲಿ ಮಾಡಬೇಕಾದ ಕೆಲಸವನ್ನು ಮಾತಿಗೆ ಒಪ್ಪಿಸಬೇಡಿ.

ಗೂಟದ ಮೇಲೆ ಇದ್ದರೆ ಎತ್ತರ ಸಿಗುವುದಿಲ್ಲ ಎನ್ನುವುದೂ ಹುಸಿ. ಒಂಬತ್ತರವನು ಕುರ್ಚಿ ಎಳೆಯುತ್ತಾನೆ, ನಾಲ್ಕರವನು ಕೆಳಗೆ ನಿಂತು ಮೇಲೆ ನೋಡುತ್ತಾನೆ. ಹೊರಗೆ ಕುದುರೆ (ಟ್ರಿಗರ್ ಎಳೆದಾಗ ಸುತ್ತಿಗೆಯಂತೆ ಬಡಿಯುವ ಭಾಗ) ಇರುವ ಹಳೆಯ ಬಂದೂಕುಗಳಲ್ಲಿ ಹೆಚ್ಚಿನವಕ್ಕೆ ಸೇಫ್ಟಿ ಇರುವುದಿಲ್ಲ. ತುಂಬಿದ್ದು ಗೂಟದಿಂದ ಜಾರಿ ಕುದುರೆಗೆ ಪೆಟ್ಟು ಬಿದ್ದರೆ ಯಾರೂ ಟ್ರಿಗರ್ ಮುಟ್ಟದೆಯೂ ಸಿಡಿಯಬಹುದು.

ಮಕ್ಕಳು ಬರುವ ಹಿಂದಿನ ದಿನ ಮಾವನವರೇ ಈ ಕೆಲಸ ಮಾಡಲಿ, ಮನೆಯಲ್ಲಿ ಬೇರೆ ಯಾರೂ ಕೈ ಹಾಕುವುದು ಬೇಡ.

ಜೋಡುನಳಿಗೆ: ಬಾಯಿ ಗೋಡೆಯಾಚೆ ಜನರಿಲ್ಲದ ಕಡೆಗೆ, ಬೆರಳು ಟ್ರಿಗರಿನ ಕಮಾನಿನ ಹೊರಗೆ. ಮೇಲಿನ ಸನ್ನೆಯನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ನಳಿಗೆ ಮುಂದಕ್ಕೆ ಬಾಗಿ ಗುಂಡಿನ ತೋಟಾ ಕೂರುವ ಎರಡು ಕೋಣೆ ತೆರೆಯುತ್ತವೆ. ಹಿತ್ತಾಳೆಯ ದುಂಡು ತಳ ಕಂಡರೆ ತೋಟಾ ಇದೆ ಎಂದರ್ಥ. ತೆಗೆಯಿರಿ. ಬೆಳಕಿಗೆ ಹಿಡಿದು ಎರಡೂ ನಳಿಗೆಯಲ್ಲಿ ಆಚೆ ಬದಿಯ ಬೆಳಕು ಕಾಣುತ್ತದೆಯೇ ನೋಡಿ, ಆಮೇಲೆ ಕಿರುಬೆರಳು ಹಾಕಿ ಮುಟ್ಟಿ ನೋಡಿ. ಸಂಜೆಯ ಮಬ್ಬಿನಲ್ಲಿ ಕಣ್ಣು ಮೋಸ ಹೋಗುತ್ತದೆ, ಬೆರಳು ಹೋಗುವುದಿಲ್ಲ. ನಳಿಗೆ ಬಾಗಿಸಿದಂತೆಯೇ ಬಿಟ್ಟು, ಒಂದು ನಳಿಗೆಯೊಳಗಿಂದ ಸಣ್ಣ ಉಕ್ಕಿನ ತಂತಿ ಹಗ್ಗ ತೂರಿಸಿ ತುದಿಗಳಿಗೆ ಕೀಲಿ ಹಾಕಿ. ಹೀಗೆ ಮಾಡಿದ ಬಂದೂಕು ಮುಚ್ಚುವುದೇ ಇಲ್ಲ, ಮುಚ್ಚದ್ದು ಸಿಡಿಯುವುದಿಲ್ಲ.

ಮದ್ದು ತುಂಬುವುದು: ಇದೇ ಹೆಚ್ಚು ಅಪಾಯದ್ದು, ಯಾಕೆಂದರೆ ಒಳಗೆ ಏನಿದೆ ಎಂದು ಕಾಣುವುದೇ ಇಲ್ಲ. ಹೋದ ಸುಗ್ಗಿಯಲ್ಲಿ ತುಂಬಿ ಹೊಡೆಯದೆ ತೂಗುಹಾಕಿದ್ದು ಈ ಬೇಸಿಗೆಯವರೆಗೂ ಹಾಗೇ ಇರಬಹುದು. ಮೊದಲು ಕೇಪು (ಕುದುರೆ ಬಡಿದಾಗ ಕಿಡಿ ಕೊಡುವ ಸಣ್ಣ ಟೋಪಿ) ತೆಗೆಯಿರಿ. ಮುಖವಾಗಲಿ ಅಂಗೈಯಾಗಲಿ ಬಾಯಿಯ ಎದುರು ಬಾರದಂತೆ ಪಕ್ಕಕ್ಕೆ ನಿಂತು, ಮದ್ದು ಜಡಿಯುವ ಕಡ್ಡಿಯನ್ನು ನಳಿಗೆಯೊಳಗೆ ಮೆಲ್ಲಗೆ ಬಿಡಿ. ಅದು ತಡೆದು ನಿಂತಾಗ ನಳಿಗೆಯ ಬಾಯಿಯ ಮಟ್ಟಕ್ಕೆ ಕಡ್ಡಿಯ ಮೇಲೆ ಗುರುತು ಹಾಕಿ. ಹೊರತೆಗೆದು ಆ ಗುರುತನ್ನು ಬಾಯಿಗೆ ಸರಿಯಾಗಿ ಹಿಡಿದು ನಳಿಗೆಯ ಹೊರಮೈಗೆ ಒರಗಿಸಿ. ಕಡ್ಡಿಯ ತುದಿ ಕೇಪು ಕೂರುವ ಜಾಗದವರೆಗೆ ಬಂದರೆ ಖಾಲಿ. ಎರಡು ಮೂರು ಬೆರಳಿನಷ್ಟು ಮೊದಲೇ ನಿಂತರೆ ಒಳಗೆ ಮದ್ದು ಇದೆ. ಅದನ್ನು ಕೆದರಿ ತೆಗೆಯಲು ಹೋಗಬೇಡಿ, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರ ಒಯ್ಯಿರಿ. ಖಾಲಿ ಎಂದು ಖಾತ್ರಿಯಾದ ಮೇಲೆ ಟ್ರಿಗರಿನ ಕಮಾನಿನಲ್ಲಿ ಸರಪಳಿ ತೂರಿಸಿ ಕೀಲಿ ಹಾಕಿ.

ಎರಡೂ ತಿಜೋರಿಯೊಳಗೆ ಹೋಗಲಿ. ತೋಟಾ, ಮದ್ದು, ಕೇಪು ಇನ್ನೊಂದು ಪೆಟ್ಟಿಗೆಯಲ್ಲಿ, ಇನ್ನೊಂದು ಕೀಲಿಯಲ್ಲಿ, ಒಲೆಯಿಂದ ದೂರ. ಕೀಲಿಕೈ ದೇವರ ಜಗಲಿಯಲ್ಲಿ, ಹಾಸಿಗೆಯ ಕೆಳಗೆ, ಗಡಿಯಾರದ ಹಿಂದೆ ಬೇಡ. ಮನೆಗೆ ಬಂದ ಎರಡನೆಯ ದಿನವೇ ಮಕ್ಕಳಿಗೆ ಈ ಮೂರೂ ಜಾಗ ಗೊತ್ತಾಗಿರುತ್ತವೆ. ಮಾವನವರ ಉಡಿದಾರದಲ್ಲೇ ಇರಲಿ. ಬಂದೂಕನ್ನು ಸುರಕ್ಷಿತವಾಗಿ ಕೀಲಿ ಹಾಕಿ ಇಡುವುದು ಲೈಸೆನ್ಸ್ ಪಡೆದವರ ಹೊಣೆ ಎಂದು 2016ರ ಶಸ್ತ್ರಾಸ್ತ್ರ ನಿಯಮಗಳೂ ಹೇಳುತ್ತವೆ, ಆದ್ದರಿಂದ ಇದು ಸೊಸೆಯ ಕಿರಿಕಿರಿ ಅಲ್ಲ ಎಂದು ಮಾವನವರಿಗೆ ತಿಳಿಸಬಹುದು.

ಈಗ ಮಾತು. ಮಕ್ಕಳು ಬಂದ ದಿನವೇ ಅಜ್ಜನೇ ಹೇಳಲಿ, ಯಾಕೆಂದರೆ ಬಂದೂಕು ಅವರದು: ‘ಕಬ್ಬಿನಾಗ ಹಂದಿ ಬರ್ತಾವ, ಬೆಳಿ ತಿಂತಾವ. ಸದ್ದ ಮಾಡಿ ಅವನ್ನ ಓಡಸಾಕ ಬಂದೂಕ. ಸರಕಾರದವರು ನನಗ ಚೀಟಿ ಕೊಟ್ಟಾರ, ನನಗ ಅಷ್ಟ. ನಿಮ್ಮಪ್ಪನೂ ಮುಟ್ಟುವಂಗಿಲ್ಲ.’ ಕೊನೆಯ ವಾಕ್ಯ ಬಿಡಬೇಡಿ. ನಿಯಮ ತಮಗೆ ಮಾತ್ರ ಅಲ್ಲ, ಅಪ್ಪನಿಗೂ ಇದೆ ಎಂದಾಗ ಮಕ್ಕಳು ಅದನ್ನು ಒಪ್ಪುತ್ತಾರೆ. ‘ಹಂದಿ ಸಾಯ್ತಾವೇನ ಅಜ್ಜಾ?’ ಎಂದು ಒಂಬತ್ತರವನು ಕೇಳಿಯೇ ಕೇಳುತ್ತಾನೆ. ಕಾಡುಪ್ರಾಣಿಯನ್ನು ಮನಬಂದಂತೆ ಕೊಲ್ಲುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ, ಬೆಳೆ ರಕ್ಷಣೆಯ ಲೈಸೆನ್ಸು ಶಿಕಾರಿಯ ಪರವಾನಗಿಯಲ್ಲ ಎಂದೇ ಹೇಳಿ. ಪಕ್ಕದಲ್ಲೇ ಭೀಮಗಡ ಅಭಯಾರಣ್ಯ ಇರುವ ಊರಿನವರಿಗೆ ಇದು ಹೊಸ ಮಾತಲ್ಲ.

ಆಮೇಲೆ ತಾಲೀಮು. ಹೇಳಿ ಬಿಡುವುದಕ್ಕಿಂತ ಮಾಡಿಸಿ ಬಿಡುವುದು ಮಕ್ಕಳಲ್ಲಿ ಹೆಚ್ಚು ಉಳಿಯುತ್ತದೆ. ಆಟಿಕೆ ಬಂದೂಕೊಂದನ್ನು ಕಟ್ಟೆಯ ಮೇಲಿಟ್ಟು ನಾಲ್ಕು ಹೆಜ್ಜೆ ಆಡಿಸಿ: ನಿಲ್ಲು, ಮುಟ್ಟಬ್ಯಾಡ, ಹೊರಗ ನಡಿ, ದೊಡ್ಡವರಿಗೆ ಹೇಳು. ಐದೈದು ನಿಮಿಷದಂತೆ ನಾಲ್ಕು ದಿನ. ಒಂದು ವಾರ ಬಿಟ್ಟು, ಹೇಳದೆ ಕೇಳದೆ ಅದೇ ಆಟಿಕೆಯನ್ನು ಕೊಟ್ಟಿಗೆಯ ಮೂಲೆಯಲ್ಲಿಟ್ಟು ನೋಡಿ. ನಾಲ್ಕರವನು ಬಹುಶಃ ಎತ್ತಿಕೊಂಡೇ ಬರುತ್ತಾನೆ. ಬೈಯಬೇಡಿ, ಇನ್ನೆರಡು ದಿನ ಆಡಿಸಿ.

ಎಲ್ಲ ಕೆಡುವುದು ನಾಲ್ಕನೆಯ ಹೆಜ್ಜೆಯಲ್ಲಿ. ಹೊಲದಲ್ಲಿ ತೋಟಾ ಬಿದ್ದದ್ದನ್ನು ಕಂಡ ಹುಡುಗ ಓಡಿ ಬಂದು ಹೇಳುತ್ತಾನೆ. ‘ಅಲ್ಲಿ ಯಾಕ ಹೋಗಿದ್ದಿ?’ ಎಂದು ಬೆನ್ನಿಗೊಂದು ಬೀಳುತ್ತದೆ. ಮುಂದಿನ ಸಲ ಸಿಕ್ಕ ತೋಟಾ ಅವನ ಚಡ್ಡಿ ಕಿಸೆಯಲ್ಲಿರುತ್ತದೆ. ಹೇಳಲು ಬಂದವನಿಗೆ ಮೊದಲು ‘ಶಾಣ್ಯಾ’ ಅನ್ನಿ, ಯಾಕೆ ಹೋಗಿದ್ದ ಎಂಬುದನ್ನು ಸಂಜೆ ವಿಚಾರಿಸಿ.

ನಾನು ಪೊಲೀಸ್ ಇಲಾಖೆಯಲ್ಲಿದ್ದೇನೆ. ಕೆಲವು ರಾತ್ರಿ ಸರ್ವಿಸ್ ಪಿಸ್ತೂಲಿನೊಂದಿಗೇ ಮನೆಗೆ ಬರಬೇಕಾಗುತ್ತದೆ. ಆರು ವರ್ಷದ ಮಗ ‘ಒಂದ ಸಲ ಕೈಯಾಗ ಕೊಡವಾ, ಫೋಟೋ ಹೊಡಕೋತೀನಿ’ ಎಂದು ಕಾಡುತ್ತಾನೆ. ಖಾಲಿ ಮಾಡಿ ಕೊಟ್ಟರೆ ಆಸೆ ತೀರಿ ಬಿಟ್ಟುಬಿಡುತ್ತಾನೆ ಎನ್ನುತ್ತಾರೆ ಮನೆಯವರು.
(ಜಮಖಂಡಿ)

ಕೊಡಬೇಡಿ. ಒಮ್ಮೆ ಕೈಗೆ ಬಂದರೆ ‘ಮುಟ್ಟಬಾರದ್ದು’ ಹೋಗಿ ‘ಕೇಳಿದರೆ ಸಿಗುವುದು’ ಆಗುತ್ತದೆ. ಖಾಲಿ ಪಿಸ್ತೂಲಿಗೂ ತುಂಬಿದ ಪಿಸ್ತೂಲಿಗೂ ಆರು ವರ್ಷದವನ ಕಣ್ಣಿಗೆ ವ್ಯತ್ಯಾಸವಿಲ್ಲ. ಅವನ ಬೆರಳಿಗೆ ಬಲ ಸಾಲದು ಎಂದೂ ಎಣಿಸಬೇಡಿ, ಪುಟ್ಟ ಮಕ್ಕಳು ಹಿಡಿಯನ್ನು ತಮ್ಮತ್ತ ತಿರುಗಿಸಿ ಎರಡೂ ಹೆಬ್ಬೆರಳಿನಿಂದ ಟ್ರಿಗರ್ ಒತ್ತುತ್ತಾರೆ. ಆಗ ಬಾಯಿ ಯಾವ ಕಡೆ ಇರುತ್ತದೆ ಎಂದು ನಿಮಗೆ ವಿವರಿಸಬೇಕಿಲ್ಲ.

ಖಾಲಿ ಮಾಡುವ ಕ್ರಮ ನಿಮಗೆ ಗೊತ್ತಿದ್ದದ್ದೇ, ಆದರೂ ದಣಿದ ರಾತ್ರಿ ತಪ್ಪುವುದು ಇಲ್ಲೇ: ಮೊದಲು ಮ್ಯಾಗಜಿನ್ (ಗುಂಡು ತುಂಬಿದ ಡಬ್ಬಿ) ಹೊರಗೆ, ಆಮೇಲೆ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಹಿಂದಕ್ಕೆ. ಅದಲು ಬದಲಾದರೆ ಸ್ಲೈಡು ಒಂದು ಗುಂಡನ್ನು ಹೊರಹಾಕಿ ಮುಂದೆ ಬರುವಾಗ ಮ್ಯಾಗಜಿನ್ನಿನಿಂದ ಇನ್ನೊಂದನ್ನು ಎಳೆದುಕೊಂಡು ಬರುತ್ತದೆ. ನೀವು ಮ್ಯಾಗಜಿನ್ ತೆಗೆದು ‘ಖಾಲಿ’ ಅಂದುಕೊಂಡ ಪಿಸ್ತೂಲಿನಲ್ಲಿ ಗುಂಡು ಕೂತಿರುತ್ತದೆ. ಸ್ಲೈಡ್ ಹಿಂದಕ್ಕೆ ಹಿಡಿದು ಗುಂಡು ಕೂರುವ ಕೋಣೆಯನ್ನು ಕಣ್ಣಿನಿಂದ, ಬೆರಳಿನಿಂದ ನೋಡಿದ ಮೇಲೆಯೇ ಕೆಳಗಿಡಿ. ಬಾಗಿಲಿನಿಂದ ನೇರ ತಿಜೋರಿಗೆ ಹೋಗುವುದು ರೂಢಿಯಾಗಲಿ. ‘ಮೊದಲು ಒಂದು ಲೋಟ ನೀರು ಕುಡಿದು’ ಎಂದು ಫ್ರಿಜ್ಜಿನ ಮೇಲಿಟ್ಟ ಆ ಎರಡು ನಿಮಿಷವೇ ಅಪಾಯದ್ದು.

ಫೋಟೋ ಬೇಕೆಂದರೆ ನಿಮ್ಮ ಟೋಪಿ, ಲಾಠಿ, ಸೀಟಿ ಕೊಡಿ. ಬಹಳ ಮಕ್ಕಳಿಗೆ ಬೇಕಾದದ್ದು ಅವ್ವನ ಹಾಗೆ ಕಾಣುವುದು, ಪಿಸ್ತೂಲಲ್ಲ.

ನಾನು ಬೆಳಗಾವಿಯ ಕ್ಯಾಂಪ್ ಭಾಗದ ಶಾಲೆಯಲ್ಲಿ ಒಂದನೆಯ ತರಗತಿ ಶಿಕ್ಷಕಿ. ಮರಾಠಾ ಲೈಟ್ ಇನ್‌ಫಂಟ್ರಿಯ ಜವಾನರು ರೈಫಲ್ ಹಿಡಿದು ಓಡುವುದನ್ನು ಮಕ್ಕಳು ದಿನಾ ನೋಡುತ್ತಾರೆ. ಬಿಡುವಿನಲ್ಲಿ ಸ್ಕೇಲು, ಚಪಾತಿ, ಬೆರಳು ಎಲ್ಲವೂ ಬಂದೂಕೇ. ನಿಷೇಧಿಸಬೇಕೇ?
(ಬೆಳಗಾವಿ)

ಚಪಾತಿಯನ್ನು ಕಚ್ಚಿ ಪಿಸ್ತೂಲು ಮಾಡುವ ಮಗುವಿಗೆ ಹಿಂಸೆಯ ಚಟ ಹಿಡಿದಿದೆ ಎಂದರ್ಥವಲ್ಲ, ಕಂಡದ್ದನ್ನು ಆಡುತ್ತಿದೆ. ಕಿರಾಣಿ ಅಂಗಡಿಯ ಪಕ್ಕದ ಮಕ್ಕಳು ತಕ್ಕಡಿ ಆಡುವುದಿಲ್ಲವೇ? ನಿಷೇಧಿಸಿದರೆ ಆಟ ಕಾಂಪೌಂಡಿನ ಹಿಂದೆ ಹೋಗುತ್ತದೆ. ಎರಡೇ ಗೆರೆ ಹಾಕಿ: ಯಾರ ಮುಖಕ್ಕೂ ಗುರಿ ಇಡುವಂತಿಲ್ಲ, ‘ನಾ ಆಡೂದಿಲ್ಲ’ ಎಂದವರಿಗೆ ಗುಂಡಿಲ್ಲ. ಒಂದೇ ಮಗು ದಿನಾ ಒಂದೇ ದೃಶ್ಯವನ್ನು ನಗುವಿಲ್ಲದೆ ಆಡುತ್ತಿದ್ದರೆ, ಅಥವಾ ಚಿತ್ರದಲ್ಲಿ ಮನೆಯವರಿಗೇ ಗುಂಡು ಬೀಳುತ್ತಿದ್ದರೆ, ಆಗ ಪಾಲಕರನ್ನು ಕರೆಸಿ ಮೆಲ್ಲಗೆ ವಿಚಾರಿಸಿ.

ಜವಾನರ ಬಗ್ಗೆ ಕೇಳಿದರೆ ‘ಅವರು ಈಗ ಕಲಿತಾ ಇದ್ದಾರೆ, ನಿಮ್ಮ ಹಾಗೇ ಅವರಿಗೂ ಮಾಸ್ತರರು ಇದ್ದಾರೆ, ಕಲಿಯುವವರೆಗೆ ಹೇಳಿದಾಗಷ್ಟೇ ಎತ್ತಬೇಕು, ಹೇಳಿದಾಗ ಇಳಿಸಬೇಕು’ ಎನ್ನಿ. ರೈಫಲ್ ಹಿಡಿದು ಮೈಲಿಗಟ್ಟಲೆ ಓಡುವುದು ಅದರ ತೂಕ ಮೈಗೆ ಒಗ್ಗಲಿ ಎಂದು. ಜನವರಿ 26ರ ಪರೇಡಿನಲ್ಲಿ ಎನ್‌ಸಿಸಿ ಹುಡುಗರ ಕೈಯಲ್ಲಿ ಕಾಣುವುದು ಹೆಚ್ಚಾಗಿ ಕವಾಯತಿಗೆಂದೇ ಇರುವ, ಗುಂಡು ಹಾರದ ಡಿಪಿ ರೈಫಲ್ ಎಂದೂ ಹೇಳಬಹುದು. ಅದನ್ನು ಕ್ಯಾಡೆಟ್ಟುಗಳು ನಿಜದ್ದರ ಹಾಗೇ ಯಾರತ್ತಲೂ ತಿರುಗಿಸದೆ ಹಿಡಿಯುವುದನ್ನು ತೋರಿಸಿ.

ಖಂಡೇನವಮಿಯ ದಿನ ಮನೆಯ ಬಂದೂಕಿಗೆ ಪೂಜೆ ಮಾಡುತ್ತೇವೆ. ಮಕ್ಕಳಿಂದ ಕುಂಕುಮ ಹಚ್ಚಿಸಬಹುದೇ?
(ಮುಧೋಳ)

ಕುಡಗೋಲು, ಕುಂಟೆ, ಹೊಲಿಗೆ ಯಂತ್ರಕ್ಕೆ ಮಕ್ಕಳು ಹಚ್ಚಲಿ. ಬಂದೂಕಿಗೆ ಲೈಸೆನ್ಸ್ ಇದ್ದವರೇ ಹಚ್ಚಲಿ, ಮಕ್ಕಳು ದೂರದಿಂದ ಕೈಮುಗಿಯಲಿ. ನಳಿಗೆ ಬಾಗಿಸಿ, ಖಾಲಿ ಎಂದು ಎಲ್ಲರಿಗೂ ಕಾಣುವಂತೆ ಇಟ್ಟು ಪೂಜೆ ಮಾಡಿ, ಆರತಿ ಮುಗಿದ ಕೂಡಲೇ ಒಳಗಿಡಿ. ಬನ್ನಿ ಮುಡಿಯುವವರೆಗೆ ಜಗಲಿಯ ಮೇಲೆ ಬಿಡಬೇಡಿ. ಪೂಜೆ ಆಯಿತೆಂದು ಗಾಳಿಯಲ್ಲಿ ಒಂದು ಹಾರಿಸುವ ಹುರುಪು ಕೆಲವರಿಗಿದೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಇತರರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ದೀಪಾವಳಿಗೆ ಟಿಕಳಿ ಪಿಸ್ತೂಲು ಕೊಡಿಸಬಹುದೇ? ಹೊಲದಲ್ಲಿ ಮಂಗ ಓಡಿಸುವ ಕಾರ್ಬೈಡ್ ಪೈಪನ್ನೂ ಹುಡುಗರು ಆಟಕ್ಕೆ ಒಯ್ಯುತ್ತಾರೆ.
(ಬಾದಾಮಿ)

ಟಿಕಳಿ ಪಿಸ್ತೂಲು ಆರು ವರ್ಷದ ಮೇಲೆ, ದೊಡ್ಡವರ ಎದುರಿಗೆ, ಕಿವಿಯ ಹತ್ತಿರ ಹಿಡಿಯದೆ ಆಡಿದರೆ ಅಡ್ಡಿಯಿಲ್ಲ. ಟಿಕಳಿ ಸುರುಳಿಯನ್ನು ಕಿಸೆಯಲ್ಲಿ ಇಟ್ಟುಕೊಳ್ಳುವುದು ಬೇಡ, ತಿಕ್ಕಾಟಕ್ಕೆ ಒಟ್ಟಿಗೇ ಹೊತ್ತಿಕೊಳ್ಳುತ್ತದೆ. ಬನಶಂಕರಿ ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ಗುಂಡಿನ ಪಿಸ್ತೂಲು ಕಣ್ಣಿಗೆ ಕೆಟ್ಟದ್ದು, ಕೊಡಿಸಬೇಡಿ. ಫುಗ್ಗಾ ಹೊಡೆಯುವ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲವೆಂದ ಮಾತ್ರಕ್ಕೆ ಅದು ಆಟಿಕೆಯಲ್ಲ; ಅದರ 4.5 ಮಿಲಿಮೀಟರ್ ಸೀಸದ ಗುಂಡಿಗೆ ಕಣ್ಣು ಹೋಗಬಹುದು.

ಕಾರ್ಬೈಡ್ ಪೈಪು ಮಾತ್ರ ಖಂಡಿತ ಬೇಡ. ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ತಾಗಿದರೆ ಅಸಿಟಿಲಿನ್ ಎಂಬ ಅನಿಲ ಏಳುತ್ತದೆ, ಲೈಟರಿನ ಕಿಡಿಗೆ ಅದು ಒಮ್ಮೆಲೇ ಸಿಡಿಯುತ್ತದೆ. ಕೆಲವೊಮ್ಮೆ ಕಿಡಿ ಕೊಟ್ಟ ಕೂಡಲೇ ಸಿಡಿಯುವುದಿಲ್ಲ. ಆಗ ಹುಡುಗರು ಮಾಡುವುದು ಒಂದೇ, ಪೈಪಿನ ಬಾಯಿಗೆ ಕಣ್ಣಿಟ್ಟು ಇಣುಕುವುದು. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇದರಿಂದಲೇ ಬಹಳ ಮಕ್ಕಳ ಕಣ್ಣಿಗೆ ಪೆಟ್ಟಾಯಿತು, ಕೆಲವರ ದೃಷ್ಟಿಯೇ ಹೋಯಿತು. ಪುಡಿಯೋ ಸುಣ್ಣದಂಥ ರಾಡಿಯೋ ಕಣ್ಣಿಗೆ ಸಿಡಿದರೆ ತಿಕ್ಕಬೇಡಿ, ಎಣ್ಣೆ ಹಾಲು ಹಾಕಬೇಡಿ. ಕಾಣುವ ಹರಳನ್ನು ಒಣ ಬಟ್ಟೆಯ ತುದಿಯಿಂದ ತೆಗೆದು, ಕೊಡದ ನೀರನ್ನು ಧಾರೆಯಾಗಿ ಹದಿನೈದು ಇಪ್ಪತ್ತು ನಿಮಿಷ ಬಿಡುತ್ತಾ ತೊಳೆದು, ಕಣ್ಣಿನ ಡಾಕ್ಟರ ಹತ್ತಿರ ಅದೇ ಗಳಿಗೆಯಲ್ಲಿ ಹೊರಡಿ.